ಹಾವೂ ಸಾಯದೆ, ಗಾಲ್ಫ್ ಕೋಲೂ ಮುರಿಯದೆ: ಚಿಕ್ಕಮಗಳೂರಿಗೆ ಇಬ್ಬರೇ ಹೋಗಿ ಬರುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಗಾಲ್ಫ್ ಆಡುವವಳು ನಾನು. ನಮ್ಮನೆಯವರು ಆಡುವುದಿಲ್ಲ, ಆಡುವ ಆಸೆಯೂ ಅವರಿಗಿಲ್ಲ. ಅವರ ಪ್ರಕಾರ ಅದು ದುಡ್ಡು ಕೊಟ್ಟು ಆಡುವ ಚಿನ್ನಿದಾಂಡು. ಹೋಲ್‌ಗೆ ಗುಂಡಿ ಅನ್ನುತ್ತಾರೆ, ಕ್ಲಬ್‌ಗೆ ದೊಣ್ಣೆ ಅನ್ನುತ್ತಾರೆ. ಹಾಗಾಗಿ "ಗಂಡ ಆಡ್ತಾನೆ, ಹೆಂಡ್ತಿ ಕಾಯ್ತಾಳೆ" ಅನ್ನೋ ಚಿತ್ರ ನಿಮ್ಮ ತಲೆಯಲ್ಲಿದ್ದರೆ ಅದನ್ನು ಪಕ್ಕಕ್ಕಿಡಿ. ನಿಮ್ಮ ಮನೆಯಲ್ಲಿ ಯಾರು ಆಡುತ್ತಾರೋ ಅವರಿಗೆ ಈ ಮಾತು, ಆಡದವರ ಪರವಾಗಿ.

ನಮ್ಮ ಮೊದಲ ಪ್ರವಾಸ ಪೂರ್ತಿ ಹಾಳಾಗಿತ್ತು. ನಾನು ಹಾಸನದವಳು, ಈಗ ಇರುವುದು ಬೆಂಗಳೂರಿನಲ್ಲಿ. ಚಿಕ್ಕಮಗಳೂರು ಅಂದರೆ ನನಗೆ ಪಕ್ಕದ ಮನೆ ಇದ್ದ ಹಾಗೆ, ನನಗೆ ಗೊತ್ತಿಲ್ಲದ್ದೇನಿದೆ ಅನ್ನೋ ಜಂಬ ಬೇರೆ. ತೋಟದ ನಡುವಿನ ಒಂದು ಹೋಂಸ್ಟೇ ಹಿಡಿದೆವು. ಬೆಳಗ್ಗೆ ಆರಕ್ಕೆ ಎದ್ದು "ರೀ, ಹನ್ನೊಂದಕ್ಕೆ ಬಂದುಬಿಡ್ತೀನಿ" ಅಂತ ಹೇಳಿ ಕಾರು ತಗೊಂಡು ಹೊರಟೆ. ಪೂರ್ತಿ ಆಟ, ಅಂದರೆ 18 ಹೋಲ್ ಆಡಿದೆ. ಮುಂದೆ ಆಡುತ್ತಿದ್ದ ನಾಲ್ಕು ಜನರ ಗುಂಪು ಆಮೆ ಹೆಜ್ಜೆ ಹಾಕುತ್ತಿತ್ತು, ಮುಗಿದ ಮೇಲೆ ಜೊತೆಗೆ ಆಡಿದವರು ಒಂದು ಕಾಫಿ ಕುಡಿದು ಹೋಗಿ ಅಂದರು, ಕಾಫಿ ಆಗಿ ಮಾತೂ ಆಗಿ ದಾರಿಯಲ್ಲಿ ಮಳೆಯೂ ಆಗಿ ನಾನು ವಾಪಸ್ ಮುಟ್ಟಿದಾಗ ಎರಡೂವರೆ. ನಮ್ಮನೆಯವರ ಹತ್ತಿರ ಕಾರಿಲ್ಲ. ಫೋನಿಗೆ ನೆಟ್‌ವರ್ಕ್ ಇಲ್ಲ. ಜಗುಲಿ ಮೇಲೆ ಹೋಂಸ್ಟೇಯವರ ನಾಯಿ ಜೊತೆ ಕೂತಿದ್ದರು. ನಾನು ಬರಲಿ ಅಂತ ಊಟವನ್ನೂ ಮಾಡಿರಲಿಲ್ಲ, ಅಕ್ಕಿ ರೊಟ್ಟಿ ಆರಿ ಚಕ್ಕಳ ಆಗಿತ್ತು. "ಚೆನ್ನಾಗಿ ಆಡಿದ್ಯಾ?" ಅಂದರು. ಅಷ್ಟೇ. ಮರುದಿನ ಬೇಲೂರು ದಾಟುವವರೆಗೂ ಎರಡನೇ ಮಾತಿಲ್ಲ.

ಆಮೇಲೆ ಯೋಚನೆ ಮಾಡಿದಾಗ ಗೊತ್ತಾಗಿದ್ದು, ಇವರಿಗೆ ಸಿಟ್ಟು ಬಂದದ್ದು ಗಾಲ್ಫ್ ಮೇಲಲ್ಲ. ಹನ್ನೊಂದು ಅಂತ ಹೇಳಿ ಎರಡೂವರೆಗೆ ಬಂದದ್ದರ ಮೇಲೆ. ಅದಾದ ಮೇಲೆ ನಾಲ್ಕು ಸಲ ಹೋಗಿ ಬಂದಿದ್ದೇವೆ, ಒಂದು ಸಲವೂ ಜಗಳ ಆಗಿಲ್ಲ. ಏನು ಬದಲಾಯಿತು ಅನ್ನೋದೇ ಈ ಬರಹ.

ಗಡಿಯಾರದ ಲೆಕ್ಕ

18 ಹೋಲ್ ಅಂದರೆ ನಾಲ್ಕು ಗಂಟೆ ಅಂತ ಆಡುವವರು ಹೇಳುತ್ತಾರೆ. ಸುಳ್ಳು. ನಾಲ್ಕು, ನಾಲ್ಕೂವರೆ ಗಂಟೆ ಬರೀ ಮೈದಾನದ ಮೇಲೆ. ಅದಕ್ಕೆ ಹೋಗುವ ದಾರಿ ಸೇರಿಸಿ, ಬರುವ ದಾರಿ ಸೇರಿಸಿ, ಶೂ ಬದಲಿಸಿ ನಾಲ್ಕು ಪಟ್ (ಚೆಂಡನ್ನು ಗುಂಡಿಗೆ ಉರುಳಿಸುವ ಮೆಲ್ಲನೆಯ ತಟ್ಟು) ಹೊಡೆದು ಮೈ ಸಡಿಲ ಮಾಡಿಕೊಳ್ಳುವ ಅರ್ಧ ಗಂಟೆ ಸೇರಿಸಿ, ಮುಗಿದ ಮೇಲಿನ ಕಾಫಿ ಮತ್ತು "ಆ ಏಳನೇ ಹೋಲ್‌ನಲ್ಲಿ ಹಾಗೆ ಆಗದಿದ್ದರೆ" ಅನ್ನೋ ಕಥೆಗೆ ಮುಕ್ಕಾಲು ಗಂಟೆ ಸೇರಿಸಿ. ಏಳು ಗಂಟೆ ಆಯಿತು. ಎರಡು ರಾತ್ರಿಯ ಪ್ರವಾಸದಲ್ಲಿ ಕಣ್ಣು ತೆರೆದು ಒಟ್ಟಿಗೆ ಇರುವ ಹೊತ್ತು ಎಷ್ಟಿರುತ್ತೆ ಹೇಳಿ? ಅದರಲ್ಲಿ ಏಳು ಗಂಟೆ ಹೋದರೆ ಅದನ್ನು ಜೋಡಿ ಪ್ರವಾಸ ಅನ್ನೋಕಾಗಲ್ಲ, ಗಾಲ್ಫ್ ಟ್ರಿಪ್ಪಿಗೆ ಯಾರನ್ನೋ ಹೊತ್ತುಕೊಂಡು ಹೋದ ಹಾಗೆ.

9 ಹೋಲ್ ಆಡಿ. ಎರಡು, ಎರಡೂಕಾಲು ಗಂಟೆಯಲ್ಲಿ ಮುಗಿಯುತ್ತದೆ. ಏಳಕ್ಕೆ ಮೊದಲ ಹೊಡೆತ ಹೊಡೆದರೆ ಒಂಬತ್ತೂಕಾಲಿಗೆ ಕೊನೇ ಪಟ್, ಹತ್ತರ ಸುಮಾರಿಗೆ ಹೋಂಸ್ಟೇಯಲ್ಲಿ ಇರುತ್ತೀರಿ. ಆಗ ನಿಮ್ಮವರು ಹಲ್ಲುಜ್ಜಿ ಎರಡನೇ ಕಾಫಿಯಲ್ಲಿರುತ್ತಾರೆ. ಬಿಸಿ ರೊಟ್ಟಿ ಹೆಂಚಿನ ಮೇಲೆ ಇರುತ್ತದೆ. ಗಾಲ್ಫ್ ಆಯಿತು, ದಿನ ಇನ್ನೂ ಪೂರ್ತಿ ಬಾಕಿ ಇದೆ. ಊಟದ ಎಲೆಯಲ್ಲಿ ಉಪ್ಪಿನಕಾಯಿ ಎಷ್ಟಿರಬೇಕೋ ಅಷ್ಟೇ ಇರಲಿ ಗಾಲ್ಫ್.

ಮತ್ತೆ ಇನ್ನೊಂದು, ಹೇಳುವ ಟೈಮಿಗೆ ಅರ್ಧ ಗಂಟೆ ಸೇರಿಸಿ ಹೇಳಿ. ಹತ್ತಕ್ಕೆ ಬರುತ್ತೀರಾದರೆ ಹತ್ತೂವರೆ ಅನ್ನಿ. ಹತ್ತಕ್ಕೇ ಬಂದು ನಿಂತರೆ ಮುಖದಲ್ಲಿ ಕಾಣುವ ಖುಷಿಯೇ ಬೇರೆ. ಮುಂದಿನ ಗುಂಪು ನಿಧಾನವಾಗಿ ಟೈಮ್ ಮೀರುತ್ತಿದ್ದರೆ ಏಳನೇ ಹೋಲಿಗೇ ಕೈ ಮುಗಿದು ಹೊರಡಿ. ಸ್ಕೋರ್ ಕಾರ್ಡ್ ಅರ್ಧಕ್ಕೆ ನಿಂತರೆ ಯಾರೂ ಬಂದು ಕೇಳುವುದಿಲ್ಲ.

ಆಡುವುದು ಯಾವ ದಿನ? ನಡುವಿನ ದಿನ. ಇದರಲ್ಲಿ ನನ್ನದು ಹಟ. ಮೊದಲ ದಿನ ಬೇಡ, ಬೆಂಗಳೂರಿನಿಂದ ಸುಮಾರು 245 ಕಿಲೋಮೀಟರ್ ಕಾರಿನಲ್ಲಿ ಕೂತು ಬಂದ ಸೊಂಟ ತಿರುಗುವುದೇ ಇಲ್ಲ, ಚೆಂಡು ಬಲಕ್ಕೆ ಹೋಗಿ ಬೇಲಿಯಾಚೆ ಬೀಳುತ್ತದೆ. ಕೊನೇ ದಿನವೂ ಬೇಡ. ಹೋಂಸ್ಟೇ ಖಾಲಿ ಮಾಡುವ ಹೊತ್ತು ಸಾಮಾನ್ಯವಾಗಿ ಹನ್ನೊಂದು ಗಂಟೆ, ನೀವು ಅಲ್ಲಿ ಬಂಕರಿನ ಮರಳಿನಿಂದ ಚೆಂಡು ತೆಗೆಯುತ್ತಿರುವಾಗ ಇಲ್ಲಿ ನಿಮ್ಮವರು ನಿಮ್ಮ ಒದ್ದೆ ಟವೆಲ್ ಮಡಚಿ ಬ್ಯಾಗಿಗೆ ತುಂಬುತ್ತಿರುತ್ತಾರೆ. ಅದು ಎಲ್ಲಿಗೆ ಮುಟ್ಟುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಶನಿವಾರ, ಭಾನುವಾರ ಬಿಡಿ

ಸಾಧ್ಯವಾದರೆ ಸೋಮವಾರ ಹೊರಟು ಮಂಗಳವಾರ ಆಡಿ ಬುಧವಾರ ವಾಪಸ್ ಬನ್ನಿ. ರಜೆ ಹಾಕುವುದು ಕಷ್ಟ, ಗೊತ್ತು. ಆದರೂ ಹೇಳುತ್ತೇನೆ. ವಾರಾಂತ್ಯದಲ್ಲಿ ಅರ್ಧ ಬೆಂಗಳೂರು ಗಿರಿಯ ಮೇಲೇ, ಅಂದರೆ ಮುಳ್ಳಯ್ಯನಗಿರಿ, ಬಾಬಾ ಬುಡನ್‌ಗಿರಿ ಕಡೆಯೇ ಇರುತ್ತದೆ. ನೆಲಮಂಗಲ ದಾಟುವುದರಲ್ಲೇ ಪ್ರೀತಿಯ ಮಾತೆಲ್ಲ ಮುಗಿದಿರುತ್ತದೆ. ಕ್ಲಬ್ಬಿನಲ್ಲಿ ಸದಸ್ಯರಿಗೆ ಮೊದಲ ಹಕ್ಕು, ಭಾನುವಾರ ಬೆಳಗ್ಗೆ ಹೊರಗಿನವರಿಗೆ ಜಾಗ ಸಿಗುವುದು ಕಷ್ಟ. ವಾರದ ಮಧ್ಯೆ ಹೋದರೆ ಮೈದಾನ ಖಾಲಿ, ಹೋಂಸ್ಟೇ ಬಾಡಿಗೆಯಲ್ಲೂ ಒಂದಿಷ್ಟು ಇಳಿಸಿ ಕೇಳಬಹುದು. ಸೋಮವಾರವೇ ಆಡುತ್ತೇನೆ ಅಂತ ಮಾತ್ರ ಅಂದುಕೊಳ್ಳಬೇಡಿ. ಎಷ್ಟೋ ಗಾಲ್ಫ್ ಮೈದಾನಗಳಲ್ಲಿ ಸೋಮವಾರ ಹುಲ್ಲು ಕತ್ತರಿಸುವುದು, ರಿಪೇರಿ ಅಂತ ರಜೆ ಇರುತ್ತದೆ.

ತಿಂಗಳು ಯಾವುದು ಅನ್ನೋದಕ್ಕೆ ಎಲ್ಲರೂ ಅಕ್ಟೋಬರಿನಿಂದ ಫೆಬ್ರವರಿ ಅನ್ನುತ್ತಾರೆ, ಅದು ಸರಿಯೇ. ಆಕಾಶ ತಿಳಿಯಾಗಿರುತ್ತದೆ, ಚಳಿ ಹಿತವಾಗಿರುತ್ತದೆ, ನವೆಂಬರಿನಿಂದ ಅರೇಬಿಕಾ ಕೊಯ್ಲು ಶುರುವಾಗಿ ಆಮೇಲೆ ರೊಬಸ್ಟಾ ಬರುತ್ತದೆ, ಕಣದ ತುಂಬ ಕಾಫಿ ಹಣ್ಣು ಹರಡಿರುತ್ತದೆ. ಆದರೆ ನನ್ನ ಮೆಚ್ಚಿನ ಕಾಲ ಮಾರ್ಚ್ ಕೊನೆ, ಏಪ್ರಿಲ್. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಗಿಡಗಳೆಲ್ಲ ಒಟ್ಟಿಗೆ ಅರಳುತ್ತವೆ. ತೋಟಕ್ಕೆ ತೋಟವೇ ಬೆಳ್ಳಗೆ, ಮಲ್ಲಿಗೆಯಂಥ ವಾಸನೆ, ಜೇನುಹುಳುಗಳ ಗುಂಯ್ ಸದ್ದು. ಇರುವುದು ಮೂರೇ ದಿನ, ನಾಲ್ಕೇ ದಿನ. ಮೊದಲೇ ತಾರೀಕು ಗೊತ್ತು ಮಾಡಿಕೊಂಡು ಹೋದರೆ ಸಿಗುವ ವಸ್ತು ಅಲ್ಲ ಅದು. ಹೋಂಸ್ಟೇಯವರಿಗೆ ಹೇಳಿಡಿ, "ಹೂವಿನ ಮಳೆ ಬಿದ್ದ ದಿನ ಒಂದು ಫೋನ್ ಮಾಡಿ" ಅಂತ. ಮಾಡುತ್ತಾರೆ. ತೋಟದವರಿಗೆ ಆ ಮಳೆಗಿಂತ ದೊಡ್ಡ ಸುದ್ದಿ ಇಲ್ಲ.

ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮೊದಲವರೆಗೆ, ಗಾಲ್ಫ್ ಆಸೆ ಬಿಟ್ಟುಬಿಡಿ. ಚೆಂಡು ಬಿದ್ದಲ್ಲೇ ಹೂತುಹೋಗುತ್ತದೆ, ಉರುಳುವುದೇ ಇಲ್ಲ. ಗಾಲ್ಫ್ ಇಲ್ಲದೆ ಹೋಗುವುದಾದರೆ ಅದೇ ಕಾಲ ಚೆಂದ: ಕಳಲೆ, ಅಣಬೆ, ಪತ್ರೊಡೆ, ಹೊರಗೆ ಒಂದೇ ಸಮ ಮಳೆ. ಇಂಬಳಕ್ಕೆ ಒಂದು ಪೊಟ್ಟಣ ಉಪ್ಪು ಜೇಬಿನಲ್ಲಿರಲಿ.

ಎರಡು ತಾರೀಕು ಪಂಚಾಂಗದಲ್ಲಿ ನೋಡಿಕೊಳ್ಳಿ. ಹಾಸನಾಂಬೆ ಬಾಗಿಲು ತೆರೆದಿರುವ ದಿನಗಳಲ್ಲಿ, ದೀಪಾವಳಿ ಆಸುಪಾಸು, ಹಾಸನ ಪೇಟೆಯೊಳಗೆ ಕಾರು ತರಬೇಡಿ. ನಮ್ಮೂರು ಅಂತ ಹೇಳುತ್ತಿದ್ದೇನೆ, ಕಾಲಿಡಲೂ ಜಾಗ ಇರುವುದಿಲ್ಲ. ಡಿಸೆಂಬರಿನ ದತ್ತ ಜಯಂತಿ ಸಮಯದಲ್ಲಿ ಗಿರಿ ಕಡೆ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ.

ಕ್ಲಬ್ಬಿಗೆ ಒಂದು ಫೋನ್

ಚಿಕ್ಕಮಗಳೂರು ಪೇಟೆಯಿಂದ ಹೆಚ್ಚು ದೂರವಿಲ್ಲದೆ ಗಾಲ್ಫ್ ಕ್ಲಬ್ ಇದೆ. ಗಾಲ್ಫ್ ಮತ್ತು ಮಲೆನಾಡಿನ ನಂಟು ಹೊಸದೇನಲ್ಲ ಅಂದುಕೊಳ್ಳಿ. ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಬ್ರಿಟಿಷರ ಕಾಲದ ಪ್ಲಾಂಟರುಗಳು ಕ್ಲಬ್ ಜೀವನವನ್ನು ತೋಟದ ಕಡೆಗೂ ತಂದರು. ಆ ಕ್ಲಬ್ ಶಿಸ್ತು ಈಗಲೂ ಸ್ವಲ್ಪ ಉಳಿದಿದೆ, ಹಾಗಾಗಿ ಸುಮ್ನೆ ಹೋಗಿ ಗೇಟಿನಲ್ಲಿ ನಿಲ್ಲಬೇಡಿ. ಒಂದು ವಾರ ಮುಂಚೆ ಫೋನ್ ಮಾಡಿ ಇಷ್ಟು ಕೇಳಿ: ಹೊರಗಿನವರಿಗೆ ಆಡಲು ಬಿಡುತ್ತೀರಾ, ಸದಸ್ಯರ ಪರಿಚಯ ಬೇಕಾ, ಬೇರೆ ಕ್ಲಬ್ಬಿನ ಸದಸ್ಯತ್ವ ನಡೆಯುತ್ತದಾ, ಫೀಸು ಎಷ್ಟು, 9 ಹೋಲ್‌ಗೆ ಬೇರೆ ದರವಾ, ಆ ದಿನ ಟೂರ್ನಮೆಂಟ್ ಇದೆಯಾ, ಬಾಡಿಗೆಗೆ ಕ್ಲಬ್ ಸೆಟ್ ಸಿಗುತ್ತದಾ, ಬ್ಯಾಗ್ ಹೊತ್ತು ಜೊತೆಗೆ ನಡೆಯುವ ಕ್ಯಾಡಿ ಇದ್ದಾರಾ. ಕೊನೆಗೆ ಒಂದು ಪ್ರಶ್ನೆ ಮರೆಯಬೇಡಿ, ಜೊತೆಗೆ ಬರುವ ಆಡದವರು ಮೈದಾನದಲ್ಲಿ ನಡೆಯಬಹುದಾ, ಕ್ಲಬ್ ಹೌಸಿನಲ್ಲಿ ಕೂರಬಹುದಾ.

"ಟೀ ಟೈಮ್ ಏಳು ಗಂಟೆ" ಅಂತ ನಾನು ಫೋನಿನಲ್ಲಿ ಹೇಳುವುದನ್ನು ಕೇಳಿ ನಮ್ಮನೆಯವರು "ಚಿಕ್ಕಮಗಳೂರಿಗೆ ಹೋಗಿ ಟೀ ಯಾಕೆ ಕಣೇ, ಕಾಫಿ ಕೊಡಲ್ವಾ?" ಅಂದಿದ್ದರು. ಆಟ ಶುರು ಮಾಡುವ ಸಮಯಕ್ಕೆ ಹಾಗನ್ನುತ್ತಾರೆ ಅಂತ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ಬಟ್ಟೆ ವಿಷಯ. ಕಾಲರ್ ಇರುವ ಟೀ ಶರ್ಟ್, ಜೀನ್ಸ್ ಅಲ್ಲದ ಪ್ಯಾಂಟು. ಜೊತೆಗೆ ಬರುವವರೂ ರಬ್ಬರ್ ಚಪ್ಪಲಿ, ಬನಿಯನ್‌ನಂಥ ಟೀ ಶರ್ಟಿನಲ್ಲಿ ಬಂದರೆ ಮುಜುಗರ ಆಗಬಹುದು, ಮೊದಲೇ ಹೇಳಿ.

ಗಾಲ್ಫ್ ದುಡ್ಡು ಜಂಟಿ ಖರ್ಚಿಗೆ ಸೇರಿಸಬೇಡಿ. ಫೀಸು, ಕ್ಯಾಡಿ, ಕಳೆದ ಚೆಂಡು ಎಲ್ಲ ನನ್ನ ಪರ್ಸಿನಿಂದ. ಅಷ್ಟೇ ದುಡ್ಡು ಇವರಿಗೂ ಬೇರೆ ಇಡುತ್ತೇನೆ, ಲೆಕ್ಕ ಕೇಳುವುದಿಲ್ಲ. ಹೋದ ಸಲ ಎರಡು ಕೆಜಿ ಕಾಫಿ ಪುಡಿ, ಒಂದು ಕೆಜಿ ಕಾಳುಮೆಣಸು ತಂದರು. ಚಿಕೋರಿ ಎಷ್ಟು ಹಾಕಿಸಬೇಕು ಅಂತ ಅಂಗಡಿಯವರ ಜೊತೆ ಇಪ್ಪತ್ತು ನಿಮಿಷ ವಾದ ಮಾಡಿದರು. ಅದು ಅವರ ಗಾಲ್ಫ್.

ಉಳಿಯುವ ಜಾಗ

ಜನ ತಪ್ಪು ಮಾಡುವುದು ಇಲ್ಲಿಯೇ. ಫೋಟೋ ನೋಡಿ ಬುಕ್ ಮಾಡುತ್ತಾರೆ. ಫೋಟೋದಲ್ಲಿ ಮಂಜು ಕಾಣುತ್ತದೆ, ದಾರಿ ಕಾಣುವುದಿಲ್ಲ. ನನ್ನ ಲೆಕ್ಕ ಸರಳ: ಉಳಿಯುವ ಮನೆಯಿಂದ ಗಾಲ್ಫ್ ಮೈದಾನಕ್ಕೆ 40 ನಿಮಿಷ ಮೀರಬಾರದು. ಸಕಲೇಶಪುರದ ಕಡೆ ಉಳಿದು ಚಿಕ್ಕಮಗಳೂರಿಗೆ ಬಂದು ಆಡುತ್ತೇನೆ ಅಂದರೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಆ ಕಡೆ ಚೆಂದ ಇದೆ, ಮಂಜರಾಬಾದ್ ಕೋಟೆ ಇದೆ, ಬಿಸ್ಲೆ ಘಾಟಿ ಇದೆ. ಅಲ್ಲಿಗೆ ಹೋಗಿ, ಆದರೆ ಕ್ಲಬ್ ಸೆಟ್ ಮನೆಯಲ್ಲಿಟ್ಟು ಹೋಗಿ. ಎರಡು ದೋಣಿಯಲ್ಲಿ ಕಾಲಿಡಬೇಡಿ.

ಫೋನಿನಲ್ಲಿ ಕೇಳಬೇಕಾದ್ದು ನೀರು ಬಿಸಿ ಬರುತ್ತಾ ಅಂತ ಅಲ್ಲ, ಅದು ಬಂದೇ ಬರುತ್ತದೆ, ಹಂಡೆ ಒಲೆಯ ನೀರು ಸಿಕ್ಕರೆ ಅದರಂಥ ಸುಖ ಇನ್ನೊಂದಿಲ್ಲ. ಕೇಳಬೇಕಾದ್ದು "ಆ ದಿನ ದೊಡ್ಡ ಗುಂಪು ಯಾವುದಾದರೂ ಬುಕ್ ಆಗಿದೆಯಾ?" ಅಂತ. ನೀವು ಇಬ್ಬರು ಜಗುಲಿಯಲ್ಲಿ ಕೂತು ಜೀರುಂಡೆ ಸದ್ದು ಕೇಳೋಣ ಅಂದುಕೊಂಡಿರುತ್ತೀರಿ, ಪಕ್ಕದ ಅಂಗಳದಲ್ಲಿ ಹದಿನೈದು ಹುಡುಗರು ಸ್ಪೀಕರ್ ಹಾಕಿ ರೇನ್ ಡ್ಯಾನ್ಸ್ ಶುರು ಮಾಡುತ್ತಾರೆ. ನಮಗೆ ಒಂದು ಸಲ ಆಯಿತು. ರಾತ್ರಿ ಒಂದರವರೆಗೆ ಅದೇ ಮೂರು ಹಾಡು. ಬೆಳಗ್ಗೆ ಏಳಕ್ಕೆ ಟೀ ಟೈಮ್ ಇಟ್ಟುಕೊಂಡವಳ ಗತಿ ಏನಾಗಿರಬೇಡ.

ಎರಡನೇ ಪ್ರಶ್ನೆ: ಕೋಣೆ ಅವರ ಮನೆಯೊಳಗೋ, ಬೇರೆ ಕಟ್ಟಡವೋ? ಹಳೇ ಮನೆಯೊಳಗಿನ ಕೋಣೆ ನೋಡಲು ಬಲು ಚೆಂದ, ತೊಟ್ಟಿ, ಮರದ ಕಂಬ, ಎಲ್ಲ ಇರುತ್ತದೆ. ಆದರೆ ಊಟದ ಮೇಜಿನಲ್ಲಿ ಮನೆಯ ಯಜಮಾನರು ನಿಮ್ಮ ಊರು, ನಿಮ್ಮ ತಂದೆ ಊರು, ಹಾಸನದಲ್ಲಿ ಯಾವ ಬೀದಿ ಅಂತ ಶುರು ಮಾಡಿದರೆ ಕೊನೆಗೆ ಏನಾದರೂ ಒಂದು ನೆಂಟಸ್ತನ ಹುಡುಕಿಯೇ ಬಿಡುತ್ತಾರೆ. ಮಲೆನಾಡಿನ ಆದರ ಅದು, ನನಗೆ ಇಷ್ಟವೇ. ಹೊಸದಾಗಿ ಮದುವೆ ಆದವರಿಗೆ ಮಾತ್ರ ಬೇರೆ ಕಾಟೇಜೇ ಒಳ್ಳೆಯದು.

ಮೂರನೆಯದು, ಕೊನೆಯ ಎರಡು ಕಿಲೋಮೀಟರ್ ರಸ್ತೆ ಹೇಗಿದೆ. ಜೀಪು ಮಾತ್ರ ಹೋಗುವ ದಾರಿ ಆದರೆ ಬೆಳಗ್ಗೆ ಆರಕ್ಕೆ ನಿಮ್ಮನ್ನು ಕೆಳಗೆ ಬಿಡಲು ಯಾರೂ ಸಿಗುವುದಿಲ್ಲ. ಮತ್ತೆ ಕತ್ತಲಾಗುವ ಮುಂಚೆ ಮನೆ ಸೇರಿ. ಮೂಡಿಗೆರೆ, ಬೇಲೂರು, ಆಲೂರು, ಸಕಲೇಶಪುರ ಕಡೆ ಆನೆ ಕಾಟ ತಮಾಷೆಯ ಮಾತಲ್ಲ. ಹೋಂಸ್ಟೇಯವರು "ಈಗ ಆಚೆ ಹೋಗಬೇಡಿ" ಅಂದರೆ ಯಾಕೆ ಅಂತ ಕೇಳದೆ ಒಳಗಿರಿ.

ಡಿಕ್ಕಿ

ಚಿಕ್ಕ ಕಾರಿನ ಡಿಕ್ಕಿಯಲ್ಲಿ ಪೂರ್ತಿ ಗಾಲ್ಫ್ ಬ್ಯಾಗ್ ಇಟ್ಟರೆ ಮುಗಿಯಿತು, ನಿಮ್ಮವರ ಸೂಟ್‌ಕೇಸ್ ಹಿಂದಿನ ಸೀಟಿಗೆ. ಪ್ರಯಾಣ ಹೊರಡುವ ಮೊದಲೇ ಯಾರಿಗೆ ಎಷ್ಟು ಜಾಗ ಅನ್ನೋದು ಅಲ್ಲಿ ಕಾಣುತ್ತದೆ. ನಿಯಮದ ಪ್ರಕಾರ ಗರಿಷ್ಠ 14 ಕ್ಲಬ್ ಒಯ್ಯಬಹುದು ಅಂತ ಇದೆ, ಹದಿನಾಲ್ಕೂ ಒಯ್ಯಲೇಬೇಕು ಅಂತ ಇಲ್ಲ. ಏಳು ಸಾಕು: ಒಂದು ಹೈಬ್ರಿಡ್, 6, 7 ಮತ್ತು 9 ಐರನ್, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್, ಪಟ್ಟರ್. ಡ್ರೈವರ್ ಅನ್ನೋ ಕ್ಲಬ್ ಬಿಟ್ಟು ಬನ್ನಿ, ಅದೇ ಎಲ್ಲಕ್ಕಿಂತ ಉದ್ದ, ಗೊತ್ತಿಲ್ಲದ ಮೈದಾನದಲ್ಲಿ ಚೆಂಡು ಕಳೆಯುವುದೂ ಅದರಿಂದಲೇ ಜಾಸ್ತಿ. ತೆಳ್ಳನೆಯ ಹಗುರ ಚೀಲ ಸಿಗುತ್ತದೆ, ಅದರಲ್ಲಿ ಏಳು ಕ್ಲಬ್ ಹಾಕಿದರೆ ಸೀಟಿನ ಕೆಳಗೆ ಓರೆಯಾಗಿ ಮಲಗುತ್ತದೆ.

ಎರಡು ಜೊತೆ ಸಾಕ್ಸ್, ಒಂದು ಹಳೇ ಟವೆಲ್, ಹನ್ನೆರಡು ಹಳೇ ಚೆಂಡು, ಕ್ಯಾಡಿಗೆ ಕೊಡಲು ಚಿಲ್ಲರೆ ನೋಟು. ಹೊಸ ಚೆಂಡು ತರಬೇಡಿ, ಮಲೆನಾಡಿನ ಪೊದೆಗಳಿಗೆ ಬ್ರಾಂಡ್ ಗೊತ್ತಾಗಲ್ಲ.

ಆಡುವ ಬೆಳಗ್ಗೆ

ರಾತ್ರಿಯೇ ಹೋಂಸ್ಟೇಯವರಿಗೆ ಹೇಳಿಟ್ಟರೆ ಫ್ಲಾಸ್ಕಿನಲ್ಲಿ ಕಾಫಿ ಇಟ್ಟಿರುತ್ತಾರೆ. ಸದ್ದು ಮಾಡದೆ ಎದ್ದು ಹೋಗಿ, ಲೈಟ್ ಹಾಕಬೇಡಿ, ಬಟ್ಟೆ ಹೊರಗಿನ ಕುರ್ಚಿಯ ಮೇಲೆ ಮೊದಲೇ ಇಟ್ಟಿರಲಿ. ಕಾರಿನ ಕೀ ನೀವು ಒಯ್ಯುವುದಾದರೆ ಹಿಂದಿನ ದಿನವೇ ಒಂದು ಆಟೋದವರ ನಂಬರ್ ತಗೊಂಡು ನಿಮ್ಮವರಿಗೆ ಕೊಡಿ. ಅವರು ಅದನ್ನು ಬಳಸುವುದಿಲ್ಲ. ಆದರೂ ಕೊಡಿ, ಕಟ್ಟಿಹಾಕಿದ ಹಾಗೆ ಅನಿಸಬಾರದು ಅಲ್ವಾ.

ಚಳಿಗಾಲದ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ದಪ್ಪಗಿರುತ್ತದೆ. ಗ್ರೀನ್ ಮೇಲೆ, ಅಂದರೆ ಗುಂಡಿಯ ಸುತ್ತ ಹುಲ್ಲು ನುಣ್ಣಗೆ ಕತ್ತರಿಸಿದ ಜಾಗದಲ್ಲಿ, ಚೆಂಡು ನಿಧಾನಕ್ಕೆ ಉರುಳುತ್ತದೆ, ನೀರಿನ ಗೆರೆ ಎಳೆಯುತ್ತಾ ಹೋಗುತ್ತದೆ, ಸ್ವಲ್ಪ ಜೋರಾಗಿ ತಟ್ಟಿ. ಎಂಟರ ಹೊತ್ತಿಗೆ ಬಿಸಿಲು ಬಿದ್ದು ಇಬ್ಬನಿ ಆರಿದರೆ ಅದೇ ತಟ್ಟಿಗೆ ಚೆಂಡು ಎರಡು ಅಡಿ ಹೆಚ್ಚು ದೂರ ಹೋಗುತ್ತದೆ. ಇಳಿಜಾರಿನ ವಿಷಯದಲ್ಲಿ ನಿಮ್ಮ ಕಣ್ಣನ್ನು ನಂಬಬೇಡಿ, ಸುತ್ತ ಬೆಟ್ಟ ಇದ್ದಾಗ ಕಣ್ಣು ಮೋಸ ಮಾಡುತ್ತದೆ. ಎಡಕ್ಕೆ ವಾಲಿದೆ ಅಂತ ನಿಮಗೆ ಕಂಡರೂ ಕ್ಯಾಡಿ ಬಲ ಅಂದರೆ ಬಲ. ಎತ್ತರದ ಜಾಗದಲ್ಲಿ ಗಾಳಿ ತೆಳು, ಚೆಂಡು ತುಸು ದೂರ ಹಾರುತ್ತದೆ ಅನ್ನುತ್ತಾರೆ. ಬೆಂಗಳೂರೇ 900 ಮೀಟರ್ ದಾಟಿರುವುದರಿಂದ ನಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಂಗಳೂರಿನಿಂದ ಘಾಟಿ ಹತ್ತಿ ಬಂದವರಿಗೆ ಗೊತ್ತಾಗುತ್ತದೆ.

ಕಳೆದ ಚೆಂಡನ್ನು ಹುಡುಕಲು 2019ರ ನಿಯಮದಿಂದ ಇರುವುದು ಮೂರೇ ನಿಮಿಷ. ಮಲೆನಾಡಿನಲ್ಲಿ ಒಂದು ನಿಮಿಷವೇ ಸಾಕು. ತರಗೆಲೆ ರಾಶಿಯೊಳಗೆ ಕೈ ಹಾಕಬೇಡಿ, ಹಾವು ಇರುತ್ತದೆ. ಗಾದೆಯ ಹಾವಲ್ಲ, ನಿಜವಾದ ಹಾವು.

ಆಡದವರನ್ನು ಆಟಕ್ಕೆ ಎಳೆಯುವುದು, ಎಳೆಯದೆ ಇರುವುದು

ಮೊದಲ ವರ್ಷ ಇವರಿಗೆ ಗಾಲ್ಫ್ ಕಲಿಸಲು ಹೋಗಿದ್ದೆ. ಮಾಡಬೇಡಿ. ಗಂಡ ಹೆಂಡತಿಗೆ ಕಾರು ಕಲಿಸುವುದು, ಹೆಂಡತಿ ಗಂಡನಿಗೆ ಗಾಲ್ಫ್ ಕಲಿಸುವುದು, ಎರಡೂ ಒಂದೇ. "ತಲೆ ಎತ್ತಬೇಡಿ ರೀ" ಅಂತ ಹತ್ತು ಸಲ ಹೇಳಿದೆ, ಹನ್ನೊಂದನೇ ಸಲ ದೊಣ್ಣೆ ಕೆಳಗಿಟ್ಟು ಹೋಗಿ ಮರದ ಕೆಳಗೆ ಕೂತರು.

ಈಗ ಮಾಡುವುದು ಬೇರೆ. ಬರಬೇಕು ಅನಿಸಿದ ದಿನ ಕೊನೇ ಎರಡು ಹೋಲ್‌ಗೆ ಮಾತ್ರ ಬರುತ್ತಾರೆ. ಜೊತೆಗೆ ನಡೆಯುತ್ತಾರೆ, ಧ್ವಜದ ಕೋಲು ಹಿಡಿಯುತ್ತಾರೆ. ಅವರಿಗೆ ಹೇಳಿಕೊಟ್ಟದ್ದು ನಾಲ್ಕೇ ಮಾತು. ಹೊಡೆಯುವವರ ಮುಂದೆ ಯಾವತ್ತೂ ನಿಲ್ಲಬಾರದು. ಹೊಡೆಯುವಾಗ ಮಾತು ಬೇಡ. ಗ್ರೀನ್ ಮೇಲೆ ಓಡಬಾರದು, ಹಿಮ್ಮಡಿ ಚೂಪಿರುವ ಚಪ್ಪಲಿ ಬೇಡ. ಯಾರಾದರೂ "ಫೋರ್!" ಅಂತ ಕೂಗಿದರೆ ಎಲ್ಲಿಂದ ಬಂತು ಅಂತ ತಲೆ ಎತ್ತಿ ನೋಡಬಾರದು, ಎರಡೂ ಕೈಯಲ್ಲಿ ತಲೆ ಮುಚ್ಚಿ ಬಗ್ಗಬೇಕು.

ಆಟ ಮುಗಿದ ಮೇಲೆ ಅಭ್ಯಾಸದ ಗ್ರೀನ್‌ನಲ್ಲಿ ಪಟ್ ಪಂದ್ಯ. ಇದು ನಮ್ಮಿಬ್ಬರ ಪದ್ಧತಿ ಆಗಿಬಿಟ್ಟಿದೆ. ಗುಂಡಿಯ ಅಗಲ 108 ಮಿಲಿಮೀಟರ್, ನಮ್ಮ ಮನೆಯ ಸಾಂಬಾರ್ ಬಟ್ಟಲಷ್ಟು. ಆರು ಅಡಿಯಿಂದ ಐದೈದು ಚೆಂಡು. ಪಟ್ ಹೊಡೆಯಲು ವರ್ಷಗಟ್ಟಲೆ ಅಭ್ಯಾಸ ಬೇಕಿಲ್ಲ, ಗೋಲಿ ಆಡಿದ ಕೈಗೆ ಸಾಕು. ಇವರು ಗೋಲಿಯಲ್ಲಿ ಗಟ್ಟಿಗರಂತೆ, ಮೂರು ಸಲ ನನ್ನನ್ನು ಸೋಲಿಸಿದ್ದಾರೆ. ಸೋತವರು ಆ ದಿನ ಮಧ್ಯಾಹ್ನ ಎಲ್ಲಿಗೆ ಹೋಗಬೇಕು ಅನ್ನೋ ತೀರ್ಮಾನ ಗೆದ್ದವರಿಗೆ ಬಿಡಬೇಕು. ಇವರು ಗೆದ್ದರೆ ತೀರ್ಮಾನ ಯಾವಾಗಲೂ ಒಂದೇ, ನಿದ್ದೆ.

ಉಳಿದ ಹೊತ್ತಿಗೆ

ಜಾಸ್ತಿ ಪಟ್ಟಿ ಮಾಡಬೇಡಿ. ಮೊದಲ ದಿನ ಬರುವ ದಾರಿಯಲ್ಲಿ ಬೇಲೂರು. ಮಧ್ಯಾಹ್ನದ ಬಿಸಿಲಿಗೆ ಅಂಗಳದ ಕಲ್ಲು ಕಾದು ಬರಿಗಾಲು ಸುಡುತ್ತದೆ, ನಾಲ್ಕರ ಮೇಲೆ ಹೋಗಿ, ಇಲ್ಲ ಸಾಕ್ಸ್ ಹಾಕಿ. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿ, 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿ ಸೇರಿತು. ಎಲ್ಲರೂ ಕನ್ನಡಿ ಹಿಡಿದ ದರ್ಪಣ ಸುಂದರಿಯ ಮುಂದೆ ಸಾಲು ನಿಲ್ಲುತ್ತಾರೆ. ನಾನು ಬಿಲ್ಲು ಹಿಡಿದ ಬೇಟೆಗಾರ್ತಿಯನ್ನು ಹುಡುಕುತ್ತೇನೆ. ಆ ಸೊಂಟದ ತಿರುವಿನ ಕಾಲು ಭಾಗ ನನ್ನ ಸ್ವಿಂಗ್‌ನಲ್ಲಿ ಇದ್ದಿದ್ದರೆ! ಅಲ್ಲಿಂದ ಚಿಕ್ಕಮಗಳೂರಿಗೆ ಇನ್ನು 25 ಕಿಲೋಮೀಟರ್ ಅಷ್ಟೇ.

ಆಡಿದ ದಿನ ಮಧ್ಯಾಹ್ನ ಏನೂ ಇಟ್ಟುಕೊಳ್ಳಬೇಡಿ. ಕಡುಬು, ಕೋಳಿ ಸಾರು ಉಂಡು ಮಲಗಿ. ಸಂಜೆ ತೋಟದಲ್ಲಿ ಒಂದು ಸುತ್ತು. ಹೋಂಸ್ಟೇಯವರನ್ನೋ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನೋ ಕೇಳಿದರೆ ಅರೇಬಿಕಾ ಯಾವುದು, ರೊಬಸ್ಟಾ ಯಾವುದು, ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹೇಗೆ ಹಬ್ಬಿಸುತ್ತಾರೆ ಎಲ್ಲ ತೋರಿಸುತ್ತಾರೆ. ಬಾಬಾ ಬುಡನ್ ಏಳು ಕಾಫಿ ಬೀಜ ತಂದ ಕಥೆಯನ್ನು ಒಬ್ಬೊಬ್ಬರೂ ಒಂದೊಂದು ಥರ ಹೇಳುತ್ತಾರೆ, ಕೇಳಿ. ಇಬ್ಬರೇ ಇರಬೇಕು ಅನಿಸಿದರೆ ಹಿರೇಕೊಳಲೆ ಕೆರೆ, ಪೇಟೆಯಿಂದ ಹತ್ತು ಕಿಲೋಮೀಟರ್ ಆಸುಪಾಸು, ನೀರಿನ ಹಿಂದೆ ಬೆಟ್ಟದ ಸಾಲು. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಇರಿ.

ಮುಳ್ಳಯ್ಯನಗಿರಿಗೆ ಹೋಗಲೇಬೇಕಾ? 1,900 ಮೀಟರಿಗಿಂತ ಎತ್ತರ, ರಾಜ್ಯದಲ್ಲೇ ಎತ್ತರದ ಶಿಖರ, ಒಂದು ಸಲ ಹೋಗಿ. ಮೂರನೇ ದಿನ ಬೆಳಗ್ಗೆ ಬೇಗ ಹೋದರೆ ಮೋಡ ನಿಮ್ಮ ಕಾಲ ಕೆಳಗೆ ಇರುತ್ತದೆ. ಗಿರಿಗೆ ಹೋಗುವ ಗಾಡಿಗಳಿಗೆ ಈಗ ಮಿತಿ, ಮುಂಗಡ ನೋಂದಣಿ ಎಲ್ಲ ಬಂದಿದೆ, ಹೊರಡುವ ಮುಂಚೆಯೇ ನೋಡಿಕೊಳ್ಳಿ. ಗಿರಿಯಲ್ಲಿ ಮಾತ್ರ ಗಾಳಿ ಜೋರು, ಸೀರೆ ಉಟ್ಟು ಫೋಟೋ ತೆಗೆಸಿಕೊಳ್ಳುವ ಆಸೆ ಇದ್ದವರು ನಾಲ್ಕು ಪಿನ್ ಜಾಸ್ತಿ ಇಟ್ಟುಕೊಳ್ಳಿ.

ವಾಪಸ್ ಬರುವಾಗ ಬಂದ ದಾರಿಯಲ್ಲೇ ಬರಬೇಡಿ. ಬೆಳವಾಡಿ ಮೇಲೆ ಬನ್ನಿ. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ, ಮೂರು ಗರ್ಭಗುಡಿಯ ಹೊಯ್ಸಳ ದೇವಸ್ಥಾನ, ಬೇಲೂರಿನ ಗದ್ದಲದ ಹತ್ತನೇ ಒಂದು ಭಾಗವೂ ಅಲ್ಲಿರುವುದಿಲ್ಲ. ಒಳಗಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ, ಕಲ್ಲು ತಣ್ಣಗಿರುತ್ತದೆ, ಸುಮ್ನೆ ಒಂದರ್ಧ ಗಂಟೆ ಕೂತುಬಿಡಬಹುದು. ಅಲ್ಲಿಂದ ಹಳೇಬೀಡು, ಆಮೇಲೆ ಹಾಸನ.

ಹಾಸನದಲ್ಲಿ ನಮ್ಮಮ್ಮನ ಮನೆಯಲ್ಲಿ ಊಟ. ಗಾಲ್ಫ್ ಶೂ ನೋಡಿ ಅಮ್ಮ ಪ್ರತೀ ಸಲ "ಗದ್ದೆಗೆ ಹೋಗಿದ್ರಾ?" ಅಂತ ಕೇಳುತ್ತಾರೆ. ಶೂವನ್ನು ಅಲ್ಲೇ ತೊಳೆದು ಒಳಗೆ ಹಳೇ ಪೇಪರ್ ತುರುಕಿ ನೆರಳಿನಲ್ಲಿಡಿ, ಬಿಸಿಲಿಗಿಟ್ಟರೆ ಅಟ್ಟೆ ಬಿಟ್ಟುಕೊಳ್ಳುತ್ತದೆ. ಊಟ, ಒಂದು ಕಣ್ಣು ನಿದ್ದೆ ಮುಗಿಯುವಷ್ಟರಲ್ಲಿ ಪೇಪರ್ ನೀರು ಹೀರಿರುತ್ತದೆ, ಒಮ್ಮೆ ಬದಲಾಯಿಸಿ. ಒದ್ದೆ ಶೂ ಹಾಗೇ ಡಿಕ್ಕಿಗೆ ಹಾಕಿದರೆ ನೆಲಮಂಗಲ ಬರುವಷ್ಟರಲ್ಲಿ ಎರಡು ಕೆಜಿ ಕಾಫಿ ಪುಡಿಯ ಘಮವನ್ನೂ ಮೀರಿಸುತ್ತದೆ.